ಸುಮ್ಮನಿರಿ ಅಂದದ್ದು ಯಾರಿಗೆ?

ದೆವ್ವ, ಗಾಳಿ, ಸೋಂಕು ಎಂದು ಯಾರಾದರೂ ನನ್ನ ಕ್ಲಿನಿಕ್ಕಿಗೆ ಬಂದರೆ ನಾನು ಮೊದಲು ಬರೆದುಕೊಡುತ್ತಿದ್ದದ್ದು ರಕ್ತಪರೀಕ್ಷೆಯ ಚೀಟಿ. ಗುಂಡ್ಲುಪೇಟೆಯಲ್ಲಿ ಹದಿನೈದು ವರ್ಷ ಹೀಗೇ ಕಳೆದೆ. ತಾಯತ ಕಟ್ಟಿಕೊಂಡು ಬಂದವರನ್ನು ನಯವಾಗಿ ಗೇಲಿ ಮಾಡಿದ್ದೂ ಉಂಟು. ಇಂಥ ನಾನು ಈಗ ಬರೆಯುತ್ತಿರುವುದನ್ನು ನೀವು ನಂಬಲೇಬೇಕೆಂದು ಕೇಳುವುದಿಲ್ಲ. ನಂಬದಿದ್ದರೆ ನನಗೂ ಒಂದಿಷ್ಟು ನೆಮ್ಮದಿ.

ಕೆಲವು ವರ್ಷಗಳ ಹಿಂದೆ, ಕೂದಲು ನರೆಯುವ ವಯಸ್ಸಿನಲ್ಲಿ, ಟೆಲಿಮೆಡಿಸಿನ್ ಮತ್ತು ಡಿಜಿಟಲ್ ಆರೋಗ್ಯದ ಸ್ನಾತಕೋತ್ತರ ಡಿಪ್ಲೊಮಾಗೆ ಸೇರಿದೆ. ವಾರಕ್ಕೆ ಎರಡು ಸಂಜೆ ಕಂಪ್ಯೂಟರಿನಲ್ಲೇ ಪಾಠ. ರೋಗಿಯ ಕೈ ಹಿಡಿಯದೆ ರೋಗ ಕಂಡುಹಿಡಿಯುವುದು ಹೇಗೆ ಎಂಬುದೇ ಓದಿನ ಸಾರ. ವಿಡಿಯೊ ತಪಾಸಣೆ ಶುರುವಾಗುವ ಮೊದಲು ಕೇಳಬೇಕಾದ ಪ್ರಶ್ನೆಗಳನ್ನು ಪಾಠ ಮಾಡುವ ಮೇಡಂ ಬಾಯಿಪಾಠ ಮಾಡಿಸಿದ್ದರು: ಹೆಸರೇನು, ಎಲ್ಲಿದ್ದೀರಿ, ಕೋಣೆಯಲ್ಲಿ ಜೊತೆಗೆ ಯಾರಿದ್ದಾರೆ. "ಜೊತೆಗೆ ಬಂದವರೇ ಅರ್ಧ ರೋಗ ಹೇಳೋದು, ಅವರನ್ನು ಬಿಡಬೇಡಿ" ಎನ್ನುತ್ತಿದ್ದರು. ನಾನೋ, ಪುರೋಹಿತರು ಅವಸರದಲ್ಲಿ ಸಂಕಲ್ಪ ಹೇಳುವಂತೆ ಅದನ್ನು ಒದರಿ ಮುಂದೆ ಹೋಗುತ್ತಿದ್ದೆ.

ಕೊನೆಯ ತಿಂಗಳು ಕುದೇರಿನ ಆಚೆಯ ಒಂದು ಹಳ್ಳಿಯ ಆರೋಗ್ಯ ಕೇಂದ್ರದಿಂದ ರೋಗಿಗಳನ್ನು ನನಗೆ ತೋರಿಸುತ್ತಿದ್ದರು. ಅಲ್ಲಿಯ ನರ್ಸ್ ರೋಗಿಯನ್ನು ಕ್ಯಾಮೆರಾ ಮುಂದೆ ಕೂರಿಸಿ ಬಿ.ಪಿ. ನೋಡಿ ಹೇಳುವುದು, ನಾನು ಇಲ್ಲಿ ಇಯರ್‌ಫೋನ್ ಹಾಕಿಕೊಂಡು ವಿಚಾರಿಸುವುದು. ಒಪ್ಪಿಗೆ ಕೊಟ್ಟವರ ಮಾತುಕತೆಯನ್ನು ರೆಕಾರ್ಡ್ ಮಾಡಿ ಮೇಡಂಗೆ ಕಳಿಸಬೇಕಿತ್ತು. ಆ ದಿನ ಮಧ್ಯಾಹ್ನ ಮೂರು ಗಂಟೆ. ಸಂಜೆಯೊಳಗೆ ನನ್ನ ಕೊನೆಯ ವರದಿ ಹೋಗಬೇಕಿತ್ತು. ಬಂದು ಕೂತವರು ಐವತ್ತೈದು ದಾಟಿದ ಒಬ್ಬ ರೈತರು. ನಂಜಯ್ಯ ಎನ್ನೋಣ, ನಿಜವಾದ ಹೆಸರು ಬೇಡ.

ಜೊತೆಗೆ ಯಾರಿದ್ದಾರೆ ಎಂದೆ. "ಯಾರೂ ಇಲ್ಲ ಸಾ, ಒಬ್ನೇ ಬಂದಿವ್ನಿ" ಎಂದರು. ಏನಾಗುತ್ತಿದೆ ಎಂದೆ. "ಏನಿಲ್ಲ ಸಾ, ಗ್ಯಾಸು. ಎದೆಗೆ ಏರ್ಕಂಡದ. ಒಂದ್ ಮಾತ್ರೆ ಬರ್ಕೊಟ್ಬುಡಿ, ಓಯ್ತೀನಿ."

ನಮ್ಮ ಕಡೆ ಹೊಟ್ಟೆಯಿಂದ ಕತ್ತಿನವರೆಗೆ ಏನೇ ಆದರೂ ಗ್ಯಾಸು. ಆ ಪದ ಕಿವಿಗೆ ಬಿದ್ದರೆ ಎಚ್ಚರವಾಗಿ ಎಂದು ಹೊಸ ಡಾಕ್ಟರುಗಳಿಗೆ ನಾನೇ ಬುದ್ಧಿ ಹೇಳಿದ್ದವನು. ಅಂದು ಮಾತ್ರ ನನ್ನ ಬೆರಳು ಆಗಲೇ ಮಾತ್ರೆಯ ಹೆಸರು ಒತ್ತುತ್ತಿತ್ತು. ಅಷ್ಟರಲ್ಲಿ ಒಬ್ಬ ಹೆಂಗಸಿನ ದನಿ ಬಂತು, ಪರದೆಯಲ್ಲಿ ಕಾಣದಂತೆ ನಂಜಯ್ಯನವರ ಹಿಂದೆ ನಿಂತು ಹೇಳಿದ ಹಾಗೆ. "ಗ್ಯಾಸಲ್ಲ ಕಣಿ ಸಾ. ಮೂರ್ ರಾತ್ರಿಯಿಂದ ಮನಿಕಂಡಿಲ್ಲ. ಗ್ವಾಡೆಗೊರಗಿ ಕುಂತೇ ಬೆಳಗು ಮಾಡ್ತಾವ್ರ."

ಮಲಗಲಾಗದೆ ಕೂತೇ ರಾತ್ರಿ ಕಳೆಯುವವರ ಹೃದಯ ನೋಡಬೇಕು ಎಂಬುದು ಓದುತ್ತಿರುವ ಹುಡುಗರಿಗೂ ಗೊತ್ತು. ನನಗೆ ಗೊತ್ತಿರಲಿಲ್ಲವೇ? ಆ ಗಳಿಗೆಯಲ್ಲಿ ನನಗೆ ತೋಚಿದ್ದು, ಯಾರೋ ಅಡ್ಡಬಾಯಿ ಹಾಕುತ್ತಿದ್ದಾರೆ ಎಂದಷ್ಟೇ. "ಅಮ್ಮ, ನೀವು ಸ್ವಲ್ಪ ಸುಮ್ಮನಿರಿ, ಅವರೇ ಹೇಳಲಿ" ಎಂದು ಗದರಿದೆ. ದನಿ ನಿಂತಿತು. ನಂಜಯ್ಯ ಒಮ್ಮೆ ಹಿಂದೆ ತಿರುಗಿ ನೋಡಿದರು. ನಾನು ಗ್ಯಾಸಿನ ಮಾತ್ರೆ ಬರೆದು ಕಳಿಸಿದೆ. ಇಸಿಜಿ ಯಂತ್ರ ಅದೇ ಕೋಣೆಯಲ್ಲಿತ್ತು. ಹತ್ತು ನಿಮಿಷದ ಕೆಲಸ.

ನಾಲ್ಕನೆಯ ದಿನ ನರ್ಸ್ ಫೋನ್ ಮಾಡಿದರು. "ಸಾರ್, ಆವತ್ತು ಗ್ಯಾಸು ಅಂತ ಬಂದಿದ್ರಲ್ಲ, ಹಾರ್ಟ್ ಅಟ್ಯಾಕ್ ಆಗಿ ತೀರ್ಕಂಡ್ಬುಟ್ರು." ಅವರ ಜೊತೆ ಬಂದಿದ್ದ ಹೆಂಗಸು ಯಾರು ಎಂದು ಕೇಳಿದೆ. "ಯಾವ್ ಹೆಂಗ್ಸು ಸಾರ್? ಪಕ್ಕದಲ್ಲಿ ನಾನೊಬ್ಳೇ ನಿಂತಿದ್ದೆ. ಬಾಯೇ ಬಿಟ್ಟಿರ್ಲಿಲ್ಲ, ಆದ್ರೂ ನನ್ಗೇ ಸುಮ್ನಿರಿ ಅಂತೀರೇನೋ ಅಂದ್ಕಂಡೆ" ಎಂದರು.

ವಾರದ ಮೇಲೆ ಮೇಡಂ ನನ್ನ ವರದಿಯನ್ನು ಹಿಂದಕ್ಕೆ ಕಳಿಸಿದರು. ಅದರಲ್ಲಿ ಒಂದೇ ಟಿಪ್ಪಣಿ: 'ರೋಗಿ ಒಬ್ಬರೇ ಎಂದಿದ್ದಾರೆ. ಸುಮ್ಮನಿರಿ ಅಂದದ್ದು ಯಾರಿಗೆ?' ರೆಕಾರ್ಡಿಂಗನ್ನು ಎಷ್ಟು ಸಲ ಕೇಳಿದೆನೋ. ನಂಜಯ್ಯನವರ ಮಾತಿದೆ, ಫ್ಯಾನಿನ ಸದ್ದಿದೆ, ನನ್ನ ಗದರಿಕೆಯಿದೆ. ಹೆಂಗಸಿನ ದನಿ ಎಲ್ಲೂ ಇಲ್ಲ. ನನ್ನೊಳಗಿನ ಅನುಮಾನವೇ ಮಾತಾಗಿ ಕೇಳಿಸಿರಬೇಕು ಎಂದು ಸಮಾಧಾನ ಮಾಡಿಕೊಂಡೆ. ಕೆಟ್ಟ ಮೇಲೆ ಬುದ್ಧಿ ಬಂದವನಿಗೆ ಇಂಥ ವಿವರಣೆಗಳು ಬೇಗ ಹೊಳೆಯುತ್ತವೆ.

ಆದರೂ ಮನಸ್ಸು ತಡೆಯಲಿಲ್ಲ. ಒಂದು ಭಾನುವಾರ ಚಾಮರಾಜನಗರಕ್ಕೆ ಹೋಗಿ, ಅಲ್ಲಿಂದ ಸಂತೆಮರಹಳ್ಳಿಯ ಬಸ್ಸು ಹತ್ತಿ, ಆಟೊ ಹಿಡಿದು ಅವರ ಮನೆ ಹುಡುಕಿದೆ. ನಂಜಯ್ಯನವರ ಹೆಂಡತಿ ಜಗಲಿಯ ಮೇಲೆ ಹುರುಳಿ ಕೇರುತ್ತಿದ್ದರು. ಆವತ್ತಿನ ಡಾಕ್ಟರು ನಾನೇ ಎಂದೆ. ಬೈಯುತ್ತಾರೆ ಎಂದುಕೊಂಡಿದ್ದೆ, ಒಳಗಿನಿಂದ ನೀರು ತಂದುಕೊಟ್ಟರು.

"ನಾ ಸಂಗಡ ಬರ್ಬೇಕಿತ್ತು ಸಾ. ಅರಿಸ್ಣದ ವಲಕ್ಕೆ ಕೂಲಿಗ್ ಓಗ್ಬುಟ್ಟಿ. ನಮ್ ಯಜಮಾನ್ರು ಡಾಕ್ಟ್ರು ಮುಂದ ನಿಜ ಯೋಳಲ್ಲ ಅಂತ ಗೊತ್ತಿತ್ತು. ಗ್ಯಾಸಲ್ಲ ಕಣಿ ಸಾ, ಮೂರ್ ರಾತ್ರಿಯಿಂದ ಮನಿಕಂಡಿಲ್ಲ, ಗ್ವಾಡೆಗೊರಗಿ ಕುಂತೇ ಬೆಳಗು ಮಾಡ್ತಾವ್ರ ಅಂತ, ಕಳೆ ಕೀಳ್ತಾ ಕೀಳ್ತಾ ಆವತ್ ಮಧ್ಯಾನ್ವೆಲ್ಲ ನಾನೊಬ್ಳೇ ಅಂದ್ಕತಿದ್ದಿ" ಎಂದು ಸೆರಗಿನಲ್ಲಿ ಮುಖ ಮುಚ್ಚಿಕೊಂಡರು.

ಒಂದಕ್ಷರ ಬಿಡದೆ ಅದೇ ಮಾತು. ದನಿಯೂ ಅದೇನಾ? ಅಳುವವರ ದನಿಯನ್ನು ಯಾವುದಕ್ಕೆ ಹೋಲಿಸಲಿ? ಮೈಲಿಗಟ್ಟಲೆ ದೂರದ ಹೊಲದಲ್ಲಿ ತನ್ನಷ್ಟಕ್ಕೆ ಆಡಿಕೊಂಡ ಮಾತು ನನ್ನ ಕಿವಿಗೆ ಹೇಗೆ ಬಂತೆಂದು ನನಗೆ ಇಂದಿಗೂ ತಿಳಿಯದು. ಓದಿದ ಯಾವ ಪಾಠದಲ್ಲೂ ಅದಿರಲಿಲ್ಲ. ಡಿಪ್ಲೊಮಾ ಸಿಕ್ಕಿತು. ಅದನ್ನು ಗೋಡೆಗೆ ಹಾಕಿಲ್ಲ.

"ಯೋಳಾಕ ಒಬ್ರೂ ಇಲ್ದೇ ಓಯ್ತಲ್ಲ ಸಾ, ಎಲ್ಲಾ ನಂದೇ ತಪ್ಪು" ಎಂದರು ಆಕೆ, ಮುಖದಿಂದ ಸೆರಗು ಸರಿಸಿ. ನೀವು ಹೇಳಿದಿರಿ ತಾಯಿ, ನನಗೆ ಕೇಳಿಸಿತು, ನಾನೇ ನಿಮ್ಮ ಬಾಯಿ ಮುಚ್ಚಿಸಿದೆ ಎನ್ನಬೇಕಿತ್ತು. ಆ ಮಾತು ನಾಲಿಗೆಯ ತುದಿಗೂ ಬಂದಿತ್ತು.

"ನಿಮ್ಮ ತಪ್ಪಲ್ಲಮ್ಮ" ಎಂದಷ್ಟೇ ಅಂದೆ.

"ಮತ್ತ್ಯಾರ್ದು ಸಾ?" ಎಂದು ಕೇಳಿದರು.

ಬಸ್ಸಿಗೆ ಹೊತ್ತಾಯಿತು ಎಂದು ಹೇಳಿ ಎದ್ದು ಬಂದುಬಿಟ್ಟೆ.