ಒಂದರ ಕೀ ಇಲ್ಲದ ಟೈಪ್‌ರೈಟರ್

ಕಳೆದ ತಿಂಗಳು ನಮ್ಮ ಆಫೀಸಿನ ಹಿಂದಿನ ಕೋಣೆ ಖಾಲಿ ಮಾಡಿಸುವಾಗ ಹಳೆಯ ಫೈಲುಗಳ ಕೆಳಗಿನಿಂದ ಒಂದು ಟೈಪ್‌ರೈಟರ್ ಹೊರಬಂತು. ಮೇಲಿದ್ದ ರೆಕ್ಸಿನ್ ಹೊದಿಕೆ ತೆಗೆದಾಗ ಮೊದಲು ಬಂದದ್ದು ವಾಸನೆ. ಹೊಲಿಗೆ ಯಂತ್ರದ ಎಣ್ಣೆ, ಒಣಗಿದ ರಿಬ್ಬನ್ನಿನ ಶಾಯಿ, ಸ್ವಲ್ಪ ಕಬ್ಬಿಣ. ಮಾಚೇನಹಳ್ಳಿಯ ಈ ಸಣ್ಣ ಕಾರ್ಖಾನೆಯಲ್ಲಿ ಎಣ್ಣೆ, ಕಬ್ಬಿಣಗಳ ವಾಸನೆಗೆ ಯಾರೂ ತಿರುಗಿ ನೋಡುವುದಿಲ್ಲ. ನಾನು ಮಾತ್ರ ಆ ಹೊದಿಕೆಯನ್ನು ಕೈಯಲ್ಲಿ ಹಿಡಿದುಕೊಂಡೇ ನಿಂತೆ. ಆಮೇಲೆ ಅಂಕಿಗಳ ಸಾಲು ನೋಡಿದೆ. ಎರಡು, ಮೂರು, ನಾಲ್ಕು... ಒಂದು ಇರಲಿಲ್ಲ.

ಹಳೆಯ ಇಂಗ್ಲಿಷ್ ಟೈಪ್‌ರೈಟರುಗಳಲ್ಲಿ ಅನೇಕಕ್ಕೆ ಒಂದರ ಕೀ ಇರುತ್ತಿರಲಿಲ್ಲ. ಸಣ್ಣ ‘ಎಲ್’ ಅಕ್ಷರವನ್ನೇ ಒಂದು ಅಂತ ಹೊಡೆಯಬೇಕಿತ್ತು. ಕಾಗದದ ಮೇಲೆ ಓದುವವರಿಗೆ ಅದು ಒಂದೇ ಆಗಿ ಕಾಣುತ್ತಿತ್ತು. ಇದನ್ನು ನನಗೆ ಹೇಳಿಕೊಟ್ಟವರು ಶಿವಮೊಗ್ಗದ ಕೋಟೆ ಭಾಗದ ಟೈಪಿಂಗ್ ಮೇಡಂ. ಅವರ ಹೆಸರನ್ನು ಇಲ್ಲಿ ಬರೆಯುವುದಿಲ್ಲ. ಬರೆಯುವ ಹಕ್ಕು ನನಗಿದೆ ಅಂತ ಅನ್ನಿಸುವುದಿಲ್ಲ.

ಪಿಯುಸಿ ಪರೀಕ್ಷೆ ಮುಗಿದ ಬೇಸಿಗೆಯಲ್ಲಿ ಅಪ್ಪ ನನ್ನನ್ನು ಅವರ ಹತ್ತಿರ ಸೇರಿಸಿದರು. ಪಾತ್ರೆ ಅಂಗಡಿಯ ಮಹಡಿ ಮೇಲೆ ಒಂದು ಉದ್ದನೆಯ ಕೋಣೆ, ಎಂಟು ಯಂತ್ರ, ಎಂಟು ಸ್ಟೂಲು. ಮೇಡಂಗೆ ಆಗಲೇ ನಲವತ್ತು ದಾಟಿತ್ತು. ಮದುವೆಯಾಗಿರಲಿಲ್ಲ. ಆ ಕೋಣೆಯೇ ಅವರ ಜೀವನ ಅಂತ ನಾವು ಹುಡುಗಿಯರು ಅಂದುಕೊಂಡಿದ್ದೆವು. ಎಂಟೂ ಯಂತ್ರಗಳು ಒಟ್ಟಿಗೆ ಬಡಿಯುತ್ತಿದ್ದರೂ ಯಾರ ಬೆರಳು ಎಲ್ಲಿ ತಪ್ಪಿತು ಅನ್ನುವುದು ಅವರಿಗೆ ಕಿವಿಯಲ್ಲೇ ತಿಳಿಯುತ್ತಿತ್ತು.

ತಿಳಿದರೂ ತಪ್ಪಿಗೆ ಅವರು ಗುರುತು ಹಾಕುತ್ತಿರಲಿಲ್ಲ. ತಪ್ಪಿಲ್ಲದ ಸಾಲಿನ ಅಂಚಿಗೆ ಪೆನ್ಸಿಲಿನಿಂದ ಒಂದು ಸಣ್ಣ ಟಿಕ್, ಅಷ್ಟೇ. ಮೊದಲ ವಾರ ನನ್ನ ಇಡೀ ಹಾಳೆಗೆ ಸಿಕ್ಕಿದ್ದು ಒಂದೇ ಒಂದು ಟಿಕ್. ನನ್ನ ಮುಖ ನೋಡಿ ಅವರು ಆ ಸಾಲಿನ ಮೇಲೆ ಪೆನ್ಸಿಲ್ ಇಟ್ಟರು.

“ಇದನ್ನ ಹೊಡೆದಿದ್ದು ಯಾರು? ಪಕ್ಕದವಳು ಬಂದು ಹೊಡೆದು ಹೋದ್ಲಾ?”

“ಇಲ್ಲ ಮೇಡಂ, ನಾನೇ.”

“ಮತ್ತೆ? ಇದನ್ನ ಹೊಡೆದ ಬೆರಳೇ ಉಳಿದಿದ್ದನ್ನೂ ಹೊಡೆಯುತ್ತೆ. ಅಳ್ಬೇಡ ಮಾರಾಯ್ತಿ, ರಿಬ್ಬನ್ ಒದ್ದೆಯಾಗುತ್ತೆ.”

ಇನ್ನೊಂದು ಪಾಠವಿತ್ತು. ವಾಕ್ಯ ಮುಗಿಸಿ ಫುಲ್‌ಸ್ಟಾಪ್ ಹೊಡೆದ ಮೇಲೆ ಸ್ಪೇಸ್ ಎರಡು ಸಲ ಒತ್ತಬೇಕು. ಟೈಪಿಂಗ್ ಕಲಿಸುವವರೆಲ್ಲ ಇದನ್ನು ಹೇಳುತ್ತಾರೆ, ಆದರೆ ಮೇಡಂ ಕಾರಣವನ್ನೂ ಹೇಳುತ್ತಿದ್ದರು. “ಓದೋರು ಉಸಿರು ತಗೊಳ್ಳಲಿ.” ಆ ಬೇಸಿಗೆ ಕಳೆಯುವಷ್ಟರಲ್ಲಿ ಅದು ನನ್ನ ಹೆಬ್ಬೆರಳಿಗೆ ಎಷ್ಟು ಅಭ್ಯಾಸವಾಯಿತೆಂದರೆ, ಇವತ್ತಿಗೂ ಒಂದು ಸ್ಪೇಸ್‌ಗೆ ನಿಲ್ಲಿಸಲು ನನಗೆ ಬರುವುದಿಲ್ಲ.

ಆಮೇಲೆ ಡಿಗ್ರಿ, ಅದಾದ ಮೇಲೆ ಎಂ.ಎಸ್ಸಿ. ಕೋಟೆಯ ಕಡೆ ಹೋಗುವುದು ನಿಂತೇ ಹೋಯಿತು. ಓದು ಮುಗಿಸಿ ಮನೆಯಲ್ಲಿದ್ದಾಗ ಸವಳಂಗ ರಸ್ತೆಯ ಒಂದು ಕಂಪ್ಯೂಟರ್ ಸೆಂಟರಿನಲ್ಲಿ ಫಾಕ್ಸ್‌ಪ್ರೊ ಕಲಿಯಲು ಸೇರಿದೆ. ದೊಡ್ಡ ರಿಜಿಸ್ಟರಿನಂತೆ ಸಾಲುಸಾಲಾಗಿ ಮಾಹಿತಿ ತುಂಬಿಸಿಟ್ಟು, ಬೇಕಾದ ಸಾಲನ್ನು ಆಜ್ಞೆ ಕೊಟ್ಟು ಹುಡುಕಿ ತೆಗೆಯುವ ಭಾಷೆ ಅದು. ನನಗೆ ಬೇಗ ಹಿಡಿಸಿತು. ಆಜ್ಞೆ ಸರಿಯಿದ್ದರೆ ಉತ್ತರ ಬರುತ್ತದೆ, ಇಲ್ಲದಿದ್ದರೆ ಇಲ್ಲ. ಯಾರ ಮುಖವನ್ನೂ ನೋಡಬೇಕಾಗಿಲ್ಲ. ಮೊದಲ ದಿನಗಳಲ್ಲಿ ನಾನು ಅಭ್ಯಾಸಬಲದಿಂದ ಒಂದರ ಬದಲು ‘ಎಲ್’ ಹೊಡೆದು, ಕಾಲು ಗಂಟೆ ಪರದೆ ನೋಡುತ್ತ ಕೂತದ್ದುಂಟು. ಸೆಂಟರಿನ ಸರ್ ಬಂದು ನೋಡಿ ನಕ್ಕು, “ಟೈಪಿಂಗ್ ಕಲಿತೋರ ಕಾಯಿಲೆ ಇದು” ಅಂದಿದ್ದರು.

ಆ ಸರ್ ಒಂದು ಇ-ಮೇಲ್ ಗುಂಪು ಮಾಡಿದ್ದರು. ಸೆಂಟರಿನಲ್ಲಿ ಕಲಿತವರು, ಕಲಿಯುತ್ತಿರುವವರು ಎಲ್ಲ ಅದರಲ್ಲಿದ್ದರು. ಶಿವಮೊಗ್ಗದವರು, ಭದ್ರಾವತಿಯಿಂದ ಬಸ್ಸಿನಲ್ಲಿ ಬಂದು ಹೋಗುವವರು, ಮನೆಯಲ್ಲಿದ್ದ ಹೆಂಗಸರು, ನೌಕರಿ ಬಿಟ್ಟ ಗಂಡಸರು. ಯಾರಿಗೆ ಎಲ್ಲಿ ತೊಡಕಾದರೂ ಬರೆದು ಕೇಳಬಹುದು, ಗೊತ್ತಿದ್ದವರು ಉತ್ತರ ಬರೆಯಬಹುದು. ಬರೆಯುತ್ತಿದ್ದದ್ದು ಇಂಗ್ಲಿಷ್ ಅಕ್ಷರದ ಕನ್ನಡದಲ್ಲಿ. ಹೆಸರು ಮಾತ್ರ ಹಾಕುವ ಹಾಗಿಲ್ಲ. ಸರ್ ಎಲ್ಲರಿಗೂ ಬ್ಯಾಚು ಮತ್ತು ಹಾಜರಿ ಸಂಖ್ಯೆಯಿಂದಲೇ ವಿಳಾಸ ಮಾಡಿಕೊಟ್ಟಿದ್ದರು. “ಹೆಸರಿದ್ರೆ ಕೇಳೋಕೆ ನಾಚಿಕೆ. ನಂಬರಿಗೇನು ನಾಚಿಕೆ?” ಅನ್ನುತ್ತಿದ್ದರು. ವಯಸ್ಸಾದವರು ಚಿಕ್ಕವರ ಮುಂದೆ ದಡ್ಡರಾಗಿ ಕಾಣಬಾರದು ಅನ್ನುವುದು ಅವರ ಉದ್ದೇಶವಾಗಿತ್ತು. ಇಂಟರ್‌ನೆಟ್ ಕೈಗೆ ಸಿಗದವರಿಗಾಗಿ ಪ್ರತಿ ಶನಿವಾರ ಆ ವಾರದ ಪ್ರಶ್ನೋತ್ತರಗಳನ್ನು ಪ್ರಿಂಟ್ ತೆಗೆದು ಸೆಂಟರಿನ ಬೋರ್ಡಿಗೆ ಚುಚ್ಚುತ್ತಿದ್ದರು.

ನಾನು ಮೂರನೇ ಬ್ಯಾಚಿನ ಎರಡು. ಕೋರ್ಸ್ ಮುಗಿದ ಮೇಲೂ ಸೈಬರ್ ಕೆಫೆಗೆ ಹೋಗಿ ಉತ್ತರ ಬರೆಯುತ್ತಿದ್ದೆ. ಮುಖಾಮುಖಿ ನಾಲ್ಕು ಮಾತು ಆಡದವಳು ಅಲ್ಲಿ ನಿರರ್ಗಳವಾಗಿದ್ದೆ. “ನಿಮ್ಮ ಉತ್ತರ ಯಾವಾಗಲೂ ಸರಿ ಇರುತ್ತಮ್ಮ, ಆದ್ರೆ ಸ್ವಲ್ಪ ಖಾರ” ಅಂತ ಸರ್ ಒಮ್ಮೆ ಹೇಳಿದ್ದರು. ಅದನ್ನೂ ನಾನು ಹೊಗಳಿಕೆಯ ಲೆಕ್ಕಕ್ಕೇ ಸೇರಿಸಿಕೊಂಡಿದ್ದೆ.

ಆ ಮೇ ತಿಂಗಳ ಒಂದು ದಿನ ಭದ್ರಾವತಿಯಲ್ಲಿ ಸಂದರ್ಶನಕ್ಕೆ ಹೋಗಿ ಬಂದೆ. ಅಲ್ಲಿ ನನ್ನ ಎಂ.ಎಸ್ಸಿ. ಬಗ್ಗೆ ಒಂದು ಪ್ರಶ್ನೆಯೂ ಇಲ್ಲ. “ಟೈಪಿಂಗ್ ಬರುತ್ತಾ?” ಅಂತ ಮಾತ್ರ ಕೇಳಿ, ಹೇಳಿ ಕಳಿಸ್ತೀವಿ ಅಂದರು. ಬಸ್ಸಿಳಿದವಳು ಮನೆಗೆ ಹೋಗದೆ ಕೆಫೆಗೆ ಹೋದೆ. ಒಂಬತ್ತನೇ ಬ್ಯಾಚಿನ ಆರು ಅನ್ನುವವರ ಪ್ರಶ್ನೆ ಬಂದಿತ್ತು. ಒಂದು ಶಾಲೆಯ ಪ್ರವೇಶ ಸಂಖ್ಯೆಗಳನ್ನು ತುಂಬಿದ್ದೇನೆ. ಪರದೆ ಮೇಲೆ ನೂರ ಹದಿನಾಲ್ಕು ಕಣ್ಣಿಗೆ ಕಾಣುತ್ತದೆ. ಹುಡುಕು ಅಂದರೆ ಇಲ್ಲ ಅನ್ನುತ್ತದೆ. ಕೆಲವು ಸಂಖ್ಯೆ ಸಿಗುತ್ತವೆ, ಕೆಲವು ಸಿಗುವುದಿಲ್ಲ. ಮೂರು ದಿನದಿಂದ ನೋಡುತ್ತಿದ್ದೇನೆ, ನನ್ನ ತಪ್ಪು ಎಲ್ಲಿ, ದಯವಿಟ್ಟು ಯಾರಾದರೂ ತಿಳಿಸಿ.

ನಾನು ಎರಡನೇ ಸಲ ಓದಲಿಲ್ಲ. ಹೀಗೆ ಬರೆದೆ: ಕಂಪ್ಯೂಟರ್ ತಪ್ಪು ಮಾಡುವುದಿಲ್ಲ, ತುಂಬಿದವರು ಮಾಡುತ್ತಾರೆ. ಮೊದಲು ಸರಿಯಾಗಿ ಟೈಪ್ ಮಾಡುವುದನ್ನು ಕಲಿಯಿರಿ. ಡೇಟಾಬೇಸ್ ಆಮೇಲೆ.

ಕಳಿಸಿ, ಎದ್ದು ಮನೆಗೆ ಹೋದೆ. ಮನಸ್ಸು ಹಗುರವಾಗಿತ್ತು ಅನ್ನುವುದನ್ನೂ ಬರೆಯಬೇಕು.

ಎರಡು ವಾರದ ಮೇಲೆ ಸರ್ಟಿಫಿಕೇಟ್ ತರಲು ಸೆಂಟರಿಗೆ ಹೋದೆ. ಸರ್ ಹಾಜರಿ ಪುಸ್ತಕ ತಿರುವುತ್ತ, ಒಂಬತ್ತನೇ ಬ್ಯಾಚಿನಲ್ಲಿ ಒಬ್ಬರು ಬರುವುದು ನಿಲ್ಲಿಸಿಬಿಟ್ಟರು ಅಂದರು. “ಆರನೇ ನಂಬರು. ನಿಮಗೆ ಗೊತ್ತಿರಬೇಕಲ್ಲ, ಕೋಟೇಲಿ ಟೈಪಿಂಗ್ ಹೇಳ್ಕೊಡ್ತಿದ್ರಲ್ಲ, ಅವರು. ಭದ್ರಾವತಿ ಶಾಲೆಯೊಂದರ ಆಫೀಸಲ್ಲಿ ಕೆಲಸ ಕೊಡ್ತೀವಿ ಅಂದಿದ್ರಂತೆ. ಜೂನ್ ಒಳಗೆ ಅವರ ದಾಖಲಾತಿ ಎಲ್ಲ ಕಂಪ್ಯೂಟರಿಗೆ ಹಾಕಿ ತೋರಿಸಬೇಕಿತ್ತು. ಟೈಪಿಂಗಿಗೆ ಈಗ ಯಾರು ಬರ್ತಾರೆ ಹೇಳಿ. ಅದೊಂದೇ ದಾರಿ ಇತ್ತು ಅವರಿಗೆ.”

ನಾನು ಬಾಗಿಲ ಹತ್ತಿರದ ಕುರ್ಚಿಯಲ್ಲಿ ಕೂತೆ. ನೂರ ಹದಿನಾಲ್ಕರಲ್ಲಿ ಒಂದು ಎರಡು ಸಲ ಬರುತ್ತದೆ. ಮೂವತ್ತು ವರ್ಷ ಒಂದರ ಕೀ ಇಲ್ಲದ ಯಂತ್ರದ ಮುಂದೆ ಕೂತ ಬೆರಳುಗಳು ವೇಗವಾಗಿ ತುಂಬುವಾಗ ‘ಎಲ್’ ಹೊಡೆದಿವೆ. ಹುಡುಕುವಾಗ, ನಿಧಾನವಾಗಿ ಕೀಬೋರ್ಡ್ ನೋಡಿಕೊಂಡು, ಒಂದರ ಕೀಯನ್ನೇ ಒತ್ತಿವೆ. ಒಂದು ಬಾರದ ಸಂಖ್ಯೆಗಳೆಲ್ಲ ಸಿಕ್ಕಿವೆ, ಒಂದು ಬರುವಂಥವು ಸಿಕ್ಕಿಲ್ಲ. ಅವರ ಪ್ರಶ್ನೆಯಲ್ಲೇ ಉತ್ತರವಿತ್ತು. ಆ ಗುಂಪಿನಲ್ಲಿ ಅದನ್ನು ನೋಡಿದ ಕೂಡಲೇ ಹೇಳಬಹುದಾಗಿದ್ದವಳು ನಾನು. ಅವರ ಯಂತ್ರದಲ್ಲೇ ಕಲಿತವಳು, ಅದೇ ತಪ್ಪು ಮಾಡಿದವಳು.

ಅಲ್ಲಿಂದ ನೇರವಾಗಿ ಕೋಟೆಗೆ ಹೋದೆ. ಮಹಡಿಯ ಕೋಣೆಯಲ್ಲಿ ಎಂಟು ಯಂತ್ರದ ಜಾಗದಲ್ಲಿ ಮೂರಿದ್ದವು. ಕಲಿಯುವವರು ಯಾರೂ ಇರಲಿಲ್ಲ. ಮೇಡಂ ಒಂದು ಯಂತ್ರದ ಹೊಟ್ಟೆ ಬಿಚ್ಚಿ ಬ್ರಷ್‌ನಲ್ಲಿ ಧೂಳು ತೆಗೆಯುತ್ತಿದ್ದರು. ಕೂದಲು ಪೂರ್ತಿ ಬೆಳ್ಳಗಾಗಿತ್ತು.

“ಓಹೋ, ಎಂ.ಎಸ್ಸಿ. ಮೇಡಂ ಬಂದ್ರು! ಕೂತ್ಕೋ. ಆ ಸ್ಟೂಲ್ ಬೇಡ, ಅದರ ಕಾಲು ನನ್ನ ಕಾಲಿನ ಹಾಗೇ ಆಗಿದೆ.”

ದಾರಿಯುದ್ದಕ್ಕೂ ಜೋಡಿಸಿಕೊಂಡಿದ್ದ ಮಾತು ಬಿಟ್ಟು ಬೇರೇನೋ ಹೇಳಿದೆ. ಸರ್ ಹೇಳಿದರು ಅಂದೆ. ಪ್ರಶ್ನೆ ಬೋರ್ಡಿನಲ್ಲಿ ನೋಡಿದೆ ಅಂದೆ, ಅದು ಸುಳ್ಳು. ತಪ್ಪಾಗಿರುವುದು ಒಂದು ಮತ್ತು ‘ಎಲ್’ ನಡುವೆ ಅಂತ ವಿವರಿಸಿದೆ. ಮೇಡಂ ಬ್ರಷ್ ಕೆಳಗಿಟ್ಟು ತಮ್ಮ ಬಲಗೈಯನ್ನು ಮುಖದ ಮುಂದೆ ಹಿಡಿದುಕೊಂಡರು. ಉಂಗುರ ಬೆರಳನ್ನು, ‘ಎಲ್’ ಹೊಡೆಯುವ ಬೆರಳನ್ನು, ಎರಡು ಸಲ ಮಡಚಿ ಬಿಚ್ಚಿದರು. ಆಮೇಲೆ ಜೋರಾಗಿ ನಕ್ಕರು.

“ಅಯ್ಯೋ ಇವನ! ಅಷ್ಟೇನಾ? ನಾನು ತಲೆಯೇ ಇಲ್ಲ ಅಂದ್ಕೊಂಡಿದ್ದೆ ಕಣೇ.”

“ಇವತ್ತೇ ಸರಿ ಮಾಡಬಹುದು ಮೇಡಂ. ಒಂದೇ ಆಜ್ಞೆ ಸಾಕು, ಎಲ್ಲ ‘ಎಲ್’ಗಳೂ ಒಂದಾಗುತ್ತವೆ. ನಾನೇ ಬಂದು ಮಾಡಿಕೊಡ್ತೀನಿ.”

ಅವರ ನಗು ನಿಧಾನವಾಗಿ ಇಳಿಯಿತು. ಆ ಶನಿವಾರ ಬೋರ್ಡ್ ನೋಡಿದ ಮೇಡಂ ಅಂದು ಸಂಜೆಯೇ ಬೂತಿನಿಂದ ಶಾಲೆಗೆ ಫೋನ್ ಮಾಡಿ, ನನ್ನಿಂದಾಗುವುದಿಲ್ಲ, ಬೇರೆಯವರನ್ನು ನೋಡಿಕೊಳ್ಳಿ ಅಂದಿದ್ದರಂತೆ. ಶಾಲೆಯವರು ಬೇರೆಯವರನ್ನು ತೆಗೆದುಕೊಂಡೂ ಆಗಿತ್ತು.

“ಬೋರ್ಡ್ ಮುಂದೆ ಹುಡುಗ್ರೆಲ್ಲ ನಿಂತಿದ್ರು. ಆ ಉತ್ತರ ಓದಿ ನಕ್ರು. ಯಾರ ಪ್ರಶ್ನೆ ಅಂತ ಅವರಿಗೆ ಗೊತ್ತಿಲ್ವಲ್ಲ... ನಾನೂ ನಕ್ಕೆ.”

ಈಗ ಹೇಳಬೇಕು ಅಂದುಕೊಂಡೆ. ಹೇಳಲು ಬೇಕಾದದ್ದು ಎರಡೇ ಶಬ್ದ. ಮೇಡಂ ಮತ್ತೆ ಬ್ರಷ್ ಎತ್ತಿಕೊಂಡು ಅಕ್ಷರಗಳ ಸಂದಿಯ ಧೂಳು ತೆಗೆಯತೊಡಗಿದರು. ನನ್ನ ಕಡೆ ನೋಡಲಿಲ್ಲ.

“ಬರೆದೋರು ಯಾರೋ, ಟೈಪಿಂಗ್ ಚೆನ್ನಾಗಿ ಕಲ್ತಿದ್ದಾರೆ. ಫುಲ್‌ಸ್ಟಾಪ್ ಆದ್ಮೇಲೆ ಎರಡೆರಡು ಸ್ಪೇಸ್ ಬಿಟ್ಟಿದ್ರು.”

ಕೆಳಗೆ ಪಾತ್ರೆ ಅಂಗಡಿಯಲ್ಲಿ ಯಾರೋ ಕೊಡಕ್ಕೆ ಹೆಸರು ಕೊರೆಸುತ್ತಿದ್ದರು. ಆ ಸಣ್ಣ ಸುತ್ತಿಗೆಯ ಸದ್ದು ಈಗಲೂ ಕೇಳಿಸುತ್ತದೆ. ಮೇಡಂ ಬ್ರಷ್ ಒರೆಸಿಟ್ಟು, “ಕಾಫಿ ಕುಡೀತೀಯಾ?” ಅಂದರು. ಬೇಡ ಮೇಡಂ, ಬರ್ತೀನಿ ಅಂದೆ. “ಬಾ, ಆಗಾಗ ಬರ್ತಿರು” ಅಂದರು. ಅಷ್ಟೇ.

ವಾಪಸ್ಸು ಸೆಂಟರಿಗೆ ಹೋಗಿ ಬೋರ್ಡಿನ ಮುಂದೆ ನಿಂತೆ. ಆ ಶನಿವಾರದ ಹಾಳೆ ಇನ್ನೂ ಇತ್ತು. ಅಷ್ಟೊಂದು ಜನ ಬರೆದದ್ದರಲ್ಲಿ ವಾಕ್ಯಗಳ ನಡುವೆ ಅಗಲವಾದ ಬಿಳಿ ಜಾಗ ಇದ್ದದ್ದು ಎರಡೇ ಕಡೆ. ಒಂಬತ್ತನೇ ಬ್ಯಾಚಿನ ಆರರ ಪ್ರಶ್ನೆಯಲ್ಲಿ, ಮೂರನೇ ಬ್ಯಾಚಿನ ಎರಡರ ಉತ್ತರದಲ್ಲಿ. ಅವರು ನನ್ನ ಬೆರಳನ್ನು ಗುರುತಿಸಿದ್ದರು. ನಾನು ಅವರದನ್ನು ಗುರುತಿಸಿರಲಿಲ್ಲ.

ಮರುವರ್ಷ ಕೋಟೆಯ ಆ ಟೈಪಿಂಗ್ ಕೋಣೆಯ ಬೋರ್ಡು ಇಳಿಯಿತು. ಮೇಡಂ ಭದ್ರಾವತಿಯಲ್ಲಿದ್ದ ತಮ್ಮನ ಮನೆಗೆ ಹೋದರು. ಅಷ್ಟು ಹೊತ್ತಿಗೆ ನನಗೆ ಮಾಚೇನಹಳ್ಳಿಯ ಈ ಕೆಲಸ ಸಿಕ್ಕಿತ್ತು, ಬಿಡಿಭಾಗಗಳ ಪಟ್ಟಿಯನ್ನು ಡೇಟಾಬೇಸಿನಲ್ಲಿ ನೋಡಿಕೊಳ್ಳುವ ಕೆಲಸ. ದಿನಾ ಬೆಳಿಗ್ಗೆ ನಾನು ಹತ್ತುವ ಬಸ್ಸು ಮುಂದೆ ಭದ್ರಾವತಿಗೇ ಹೋಗುತ್ತದೆ. ಇವತ್ತು ಇಳಿಯದೆ ಕೂತೇ ಇರೋಣ ಅಂತ ಎಷ್ಟೋ ದಿನ ಅಂದುಕೊಂಡಿದ್ದೇನೆ. ಮಾಚೇನಹಳ್ಳಿ ಬಂದಾಗ ಇಳಿದಿದ್ದೇನೆ. ಹೀಗೆ ಕೆಲವು ವರ್ಷ... ಹೋದ ವರ್ಷ ಸೆಂಟರಿನ ಸರ್ ಪೇಟೆಯಲ್ಲಿ ಸಿಕ್ಕಿ, ಮೇಡಂ ತೀರಿಕೊಂಡು ಆರು ತಿಂಗಳಾಯಿತು ಅಂದರು.

ಈಗ ಇಂಥ ಗುಂಪುಗಳು ಬಹಳ ದೊಡ್ಡವಾಗಿವೆ. ಎಲ್ಲೆಲ್ಲಿಯವರೋ ಕೇಳುತ್ತಾರೆ, ಎಲ್ಲೆಲ್ಲಿಯವರೋ ಹೇಳುತ್ತಾರೆ. ಊಟದ ಬಿಡುವಿನಲ್ಲಿ ನಾನು ಹೊಸಬರ ಪ್ರಶ್ನೆಗಳಿಗೆ ಉತ್ತರ ಬರೆಯುತ್ತೇನೆ. ನಂಬರ್ ಹಾಕುವುದಿಲ್ಲ, ಪೂರ್ತಿ ಹೆಸರು ಹಾಕುತ್ತೇನೆ. ಅವರು ಕಳಿಸಿದ್ದನ್ನು ಎರಡು ಸಲ ಓದುತ್ತೇನೆ. ತಪ್ಪನ್ನು ಹೇಳುವ ಮೊದಲು ಅದರಲ್ಲಿ ಸರಿಯಿರುವ ಸಾಲನ್ನು ಹುಡುಕಿ ಅದನ್ನೇ ಮೊದಲು ಬರೆಯುತ್ತೇನೆ. ಇದರಿಂದ ಯಾವುದೂ ತೀರಿಹೋಗುವುದಿಲ್ಲ ಅಂತ ಗೊತ್ತಿದೆ.

ಆ ಟೈಪ್‌ರೈಟರನ್ನು ಗುಜರಿಗೆ ಹಾಕಬೇಡಿ ಅಂತ ಕೇಳಿಕೊಂಡೆ. ಈಗ ನನ್ನ ಮೇಜಿನ ಪಕ್ಕದಲ್ಲೇ ಇದೆ. ಅದು ಬಂದ ದಿನ ಮಧ್ಯಾಹ್ನವೂ ಒಬ್ಬಳು ಹೊಸಬಳ ಪ್ರಶ್ನೆಗೆ ಉತ್ತರ ಬರೆದೆ. ಪ್ರತಿ ಫುಲ್‌ಸ್ಟಾಪ್ ಆದ ಮೇಲೂ ಹೆಬ್ಬೆರಳು ತಾನಾಗಿ ಎರಡು ಸಲ ಒತ್ತಿತು. ಕಳಿಸಿದ ಮೇಲೆ ಪುಟ ತೆರೆದು ನೋಡಿದೆ. ಈಗಿನ ವೆಬ್ ಪುಟಗಳು ಎಷ್ಟು ಜಾಗ ಬಿಟ್ಟರೂ ಅದನ್ನು ಒಂದೇ ಸ್ಪೇಸ್ ಮಾಡಿ ತೋರಿಸುತ್ತವೆ. ನನ್ನ ವಾಕ್ಯಗಳು ಎಲ್ಲರ ವಾಕ್ಯಗಳ ಹಾಗೇ ಒತ್ತಾಗಿ ಕೂತಿದ್ದವು. ಅದರಲ್ಲಿ ನನ್ನ ಬೆರಳನ್ನು ಇನ್ನು ಯಾರೂ ಗುರುತಿಸಲಾರರು.