ಹುಣಸೆನೀರಿನಲ್ಲಿ ಮಿಂದ ಕಲ್ಲಪ್ಪ

ನಾನು ಚಿಕ್ಕವಳಿದ್ದಾಗ, ಮಕ್ಕಳೇ, ನಮ್ಮ ಮನೆ ಕೊಪ್ಪಳದ ರೈಲು ಸ್ಟೇಷನ್ನಿನ ಹಿಂದೆಯೇ ಇತ್ತು. ಹಿತ್ತಲ ಬಾಗಿಲು ತೆರೆದರೆ ಹತ್ತಿರದಲ್ಲಿ ಹಳಿ, ದೂರದಲ್ಲಿ ಕೋಟೆಯ ಗುಡ್ಡ. ಕಲ್ಲಿದ್ದಲ ಎಂಜಿನ್ನು ಬಂದುಹೋದ ಮೇಲೆ ಒಣಹಾಕಿದ ಬಟ್ಟೆಯ ಮೇಲೆ ಸಣ್ಣ ಕರಿ ಪುಡಿ ಕೂತಿರುತ್ತಿತ್ತು. ಕೈಯಿಂದ ಒರೆಸಿದರೆ ಕಲೆಯಾಗುತ್ತದೆಂದು ಅವ್ವ ಅದನ್ನು ಊದಿ ಊದಿ ಹಾರಿಸಿ ಬಟ್ಟೆ ಮಡಚುತ್ತಿದ್ದಳು.

ಸ್ಟೇಷನ್ನಿನ ಪಕ್ಕ ಬೇವಿನ ಮರದ ಕೆಳಗೆ ಆಗಿನ ನನ್ನ ಎತ್ತರದ ಒಂದು ಬಿಳಿ ಕಲ್ಲು ನಿಂತಿತ್ತು. ನಾವೆಲ್ಲ ಅದನ್ನು ಕಲ್ಲಪ್ಪ ಎನ್ನುತ್ತಿದ್ದೆವು. ಮಾನವಮಿ ಹಬ್ಬಕ್ಕೆ ಮನೆಗೆ ಸುಣ್ಣ ಬಳಿದ ಮೇಲೆ ಗಡಿಗೆಯಲ್ಲಿ ಉಳಿದದ್ದು ಕಲ್ಲಪ್ಪನಿಗೆ. ಹಾಗೆ ಮುತ್ತಜ್ಜರ ಕಾಲದಿಂದ ಭಕ್ತಿಯಿಂದ ಬಳಿದೂ ಬಳಿದೂ ಸುಣ್ಣವೆಲ್ಲ ರೊಟ್ಟಿಯ ಮೇಲೆ ರೊಟ್ಟಿ ಒಟ್ಟಿದಂತೆ ದಪ್ಪಗಾಗಿ ಕಲ್ಲಿನ ಮುಖವೇ ಮುಚ್ಚಿಹೋಗಿತ್ತು. ಒಳಗೊಬ್ಬ ಕುದುರೆ ಸವಾರ ಇದ್ದಾನೆಂದು ಅವ್ವನಿಗೆ ಅವಳ ಅತ್ತೆ ಹೇಳಿದ್ದರಂತೆ. ಕಂಡವರು ಮಾತ್ರ ಯಾರೂ ಇರಲಿಲ್ಲ.

ಅಪ್ಪ ಸ್ಟೇಷನ್ನಿನಲ್ಲಿ ಗಾಡಿಗಳಿಗೆ ಬಾವುಟ ತೋರಿಸುವ ಕೆಲಸದಲ್ಲಿದ್ದರು. ಒಂದು ಬೆಳಿಗ್ಗೆ ಕೆಲಸಕ್ಕೆ ಹೋದವರು ಮುಖ ಸಣ್ಣದು ಮಾಡಿಕೊಂಡು ಹಿಂದಿರುಗಿದರು. ಗಂಗಾವತಿ ಕಡೆಯಿಂದ ಲಾರಿಯಲ್ಲಿ ಬರುವ ಅಕ್ಕಿ ಮೂಟೆಗಳಿಗೆಂದು ಹೊಸ ಗೋದಾಮು ಕಟ್ಟುತ್ತಾರಂತೆ, ಕಲ್ಲಪ್ಪನನ್ನು ಒಡೆದು ಬುನಾದಿಗೆ ಹಾಕುತ್ತಾರಂತೆ. ರೈಲಿನವರ ಗುರುತಿನ ಕಲ್ಲುಗಳಿಗೂ ಸುಣ್ಣವೇ ಬಳಿಯುತ್ತಿದ್ದರಲ್ಲ, ಇದೂ ಅಂಥದೇ ಒಂದು ಹಳೆಯ ಕಲ್ಲೆಂದು ಹೊಸದಾಗಿ ಬಂದ ಎಂಜಿನಿಯರ್ ಸಾಹೇಬರು ತಿಳಿದಿದ್ದರು. ಅವರಿಗೆ ಎದುರು ಮಾತಾಡಲು ಅಪ್ಪನಿಗೆ ಬಾಯಿ ಬಂದಿರಲಿಲ್ಲ.

ಅವ್ವ ಒಲೆಯ ಕಟ್ಟಿಗೆ ಹಿಂದಕ್ಕೆಳೆದು, ತಲೆಯ ಮೇಲೆ ಸೆರಗು ಹೊದ್ದು ಹೊರಟಳು. ಅವಳ ಹಿಂದೆ ಅಕ್ಕ, ಅಕ್ಕನ ಹಿಂದೆ ನಾನು. ಕಲ್ಲಿನ ಹತ್ತಿರ ಸಾಹೇಬರ ಜೊತೆ ಆಳುಗಳು ದೊಡ್ಡ ಸುತ್ತಿಗೆ ಹಿಡಿದು ನಿಂತಿದ್ದರು.

"ಸಾಹೇಬ್ರ, ಇದು ನಿಮ್ಮ ಕಲ್ಲಲ್ರಿ. ಇದರಾಗ ಕುದುರಿ ಐತಿ," ಎಂದಳು ಅವ್ವ.

ಸಾಹೇಬರು ಬೈಯಲಿಲ್ಲ. ಕಲ್ಲಿಗೆ ಒಂದು ಸುತ್ತು ಬಂದು ನಕ್ಕರು. "ಮಧ್ಯಾಹ್ನದ ಗಾಡಿ ಬರೂತನಕ ನಿಲ್ತೀನ್ರಿ ತಾಯಿ. ಅಷ್ಟರಾಗ ಕುದುರಿ ತೋರಸ್ರಿ."

ಸುಣ್ಣ ಕೆರೆಯಲೆಂದು ಅಕ್ಕ ಓಡಿಹೋಗಿ ಕಳೆ ತೆಗೆಯುವ ಕುರ್ಪಿ ತಂದಳು. ಕಬ್ಬಿಣ ತಾಗಿದರೆ ಸವಾರನ ಮೂಗು ಹಾರೀತೆಂದು ಅವ್ವ ಅದನ್ನು ಕಸಿದುಕೊಂಡಳು. ಅಷ್ಟರಲ್ಲಿ ಪಕ್ಕದ ಮನೆಯ ಹೆಂಗಸು, ನಾವೆಲ್ಲ ಖಾಲಾ ಎನ್ನುತ್ತಿದ್ದವರು, ಬಂದರು. ಅವರ ಮನೆಯಲ್ಲಿ ಪಾತ್ರೆಗಳಿಗೆ ಕಲಾಯಿ ಹಾಕುವ ಕೆಲಸ. ಸೊಂಟದ ಮೇಲಿನ ಬೋಗುಣಿಯಲ್ಲಿ ನೆನೆಸಿದ ಹುಣಸೆಹಣ್ಣು, ಕೈಯಲ್ಲಿ ತೆಂಗಿನ ನಾರು. "ಹಿತ್ತಾಳಿ ಕೊಡ ಬೆಳಗೂ ಕೈ ನಮ್ಮವು ತಂಗಿ. ಈ ಸುಣ್ಣ ಏನ್ ದೊಡ್ಡದು, ಹಚ್ಚು," ಎಂದರು.

ಹುಣಸೆನೀರು ಬಿದ್ದಲ್ಲೆಲ್ಲ ಸುಣ್ಣ ಸಣ್ಣಗೆ ಬುಸುಗುಟ್ಟಿ ನೊರೆ ಬಂತು. ಅಚ್ಚ ಬಿಳಿ ಪದರದ ಕೆಳಗೆ ನೀಲಿ ಬೆರೆಸಿದ ಪದರ, ಅದರ ಕೆಳಗೆ ಕೆಮ್ಮಣ್ಣಿನದು. ಯಾವ ಯಾವ ಮನೆಯ ಹಬ್ಬದ ಬಣ್ಣವೋ ಎಲ್ಲ ಕರಗಿ ನಮ್ಮ ಮೊಣಕೈಯಿಂದ ಇಳಿಯಿತು. ನನ್ನ ಬೆರಳ ತುದಿಗಳು ಸುಕ್ಕುಗಟ್ಟಿ ಉರಿಯುತ್ತಿದ್ದವು. ಬಿಸಿಲು ನೆತ್ತಿಗೇರುವ ಹೊತ್ತಿಗೆ ಒಂದು ಕಿವಿ ಕಂಡಿತು. ಅಕ್ಕ ಕುಣಿದಾಡಿದಳು. ಇನ್ನೊಂದಿಷ್ಟು ತಿಕ್ಕಿದಾಗ ಕಿವಿಯ ಮೇಲೆ ಏನೋ ಬಾಗಿಕೊಂಡಿತ್ತು.

ಖಾಲಾ ಕೈ ನಿಲ್ಲಿಸಿ ನೋಡಿದರು. "ನಿಮ್ಮ ಕುದುರಿಗೆ ಕೋಡು ಮೂಡ್ಯಾವಲ್ಲ ತಂಗಿ."

ಆಳುಗಳು ನಕ್ಕರು. ಅವ್ವ ನಗಲಿಲ್ಲ, ಇನ್ನೂ ಜೋರಾಗಿ ತಿಕ್ಕಿದಳು. ಆಕಳುಗಳ ಒಂದು ಸಾಲು ಬಂತು. ಅವುಗಳ ಮುಂದೆ ಬಿಲ್ಲು ಹಿಡಿದ ಒಬ್ಬ ಮನುಷ್ಯ, ಅವನ ತಲೆಯ ಮೇಲೆ ಇರುವೆ ಸಾಲಿನಂಥ ಅಕ್ಷರಗಳು. ಕುದುರೆ ಎಲ್ಲಿಯೂ ಇರಲಿಲ್ಲ. ದೂರದಲ್ಲಿ ಗಾಡಿ ಸಿಳ್ಳು ಹಾಕಿತು. ಅಪ್ಪ ಹಸಿರು ಬಾವುಟ ಹಿಡಿದು, ನಮ್ಮ ಕಡೆ ತಿರುತಿರುಗಿ ನೋಡುತ್ತ ಪ್ಲಾಟ್‌ಫಾರ್ಮಿಗೆ ಹೋದರು.

ಅವ್ವ ಎದ್ದು ನಿಂತಳು. "ಕುದುರಿ ಇಲ್ರಿ ಸಾಹೇಬ್ರ. ಆಕಳ ಅದಾವ," ಎಂದಳು.

ಸಾಹೇಬರು ಬಂದು ಬಗ್ಗಿ ನೋಡಿದರು. ಮತ್ತೆ ಬಗ್ಗುವ ಮೊದಲು ಬೂಟು ಬಿಚ್ಚಿ ಆಚೆ ಇಟ್ಟರು. ಕಿಸೆಯಿಂದ ಇಸ್ತ್ರಿ ಮಾಡಿದ ಕರವಸ್ತ್ರ ತೆಗೆದು, ಬೋಗುಣಿಯಲ್ಲಿ ಅದ್ದಿ, ಆ ಮನುಷ್ಯನ ಮುಖವನ್ನು ತಾವೇ ಒರೆಸಿದರು. ಕೂಸಿನ ಮುಖ ಒರೆಸುವಷ್ಟು ಮೆತ್ತಗೆ.

"ವೀರಗಲ್ಲು ಐತ್ರಿ ತಾಯಿ ಇದು. ನಮ್ಮೂರಾಗೂ ಒಂದೈತಿ. ಊರ ದನ ಬಿಡಿಸಾಕ ಹೋಗಿ ಜೀವಾ ಕೊಟ್ಟಾಂವ ಇವ. ಇವನ್ನ ಒಡದು ನಾ ಯಾರಿಗಿ ಮುಖಾ ತೋರಸ್ಲಿ?"

ಗೋದಾಮಿಗೆಂದು ನೆಲದ ಮೇಲೆ ಹಾಕಿದ್ದ ಸುಣ್ಣದ ಗೆರೆಯನ್ನು ಅವರೇ ಕಾಲಿನಿಂದ ಅಳಿಸಿದರು. ಬೇವಿನ ಮರದಿಂದ ಆಚೆ ಬೇರೆ ಗೆರೆ ಬಿತ್ತು.

ಈಗ ನೋಡಿ, ಗಂಗಾವತಿಗೇ ರೈಲು ಹೋಗುತ್ತದೆ. ಕಲ್ಲಪ್ಪನ ಸುತ್ತ ಕಬ್ಬಿಣದ ಬೇಲಿ ಇದೆ, ಪಕ್ಕದಲ್ಲಿ ಬೋರ್ಡು ಇದೆ. ನೀವು ಆ ಬೋರ್ಡಿನ ಮುಂದೆ ಫೋನು ಎತ್ತಿ ಹಿಡಿದರೆ ಸಾಕು, ವೀರಗಲ್ಲೆಂದರೇನು, ಯಾವ ರಾಜರ ಕಾಲದ್ದು ಎಂಬುದೆಲ್ಲ ನಿಮಗೆ ತಿಳಿಯುತ್ತದೆ. ಅವ್ವನಿಗೆ ಆ ಅಕ್ಷರಗಳಲ್ಲಿ ಒಂದೂ ಓದಲು ಬರುತ್ತಿರಲಿಲ್ಲ. ಅವಳು ನಂಬಿದ್ದ ಕುದುರೆಯೂ ಅಲ್ಲಿರಲಿಲ್ಲ. ಆದರೂ ಅವತ್ತು ಅವಳು ಎದ್ದು ಹೋಗದಿದ್ದರೆ ಇವತ್ತು ಆ ಬೋರ್ಡಿಗೆ ಬರೆಯಲು ಏನೂ ಇರುತ್ತಿರಲಿಲ್ಲ.

ಮುಂದಿನ ಸಲ ಹೋದಾಗ ಬೋರ್ಡು ಓದಿಯಾದ ಮೇಲೆ ಸ್ವಲ್ಪ ಬಗ್ಗಿ ನೋಡಿ. ಕೊನೆಯ ಆಕಳ ಗೊರಸಿನ ಸಂದಿಯಲ್ಲಿ ಒಂದು ಚೂರು ಸುಣ್ಣ ಹಾಗೇ ಇದೆ. ಗಾಡಿ ಬಂದುಬಿಟ್ಟಿತಲ್ಲ, ಅಷ್ಟು ತಿಕ್ಕಲು ನಮಗೆ ಆಗಲಿಲ್ಲ.