ಯುಪಿಎಸ್ ಕೋಣೆಯ ಪ್ರೀಪ್ರೊಸೆಸರ್

ಮೂರು ವರ್ಷ ನಾನು ಒಂದು ಸಾಫ್ಟ್‌ವೇರ್ ಆಗಿ ಕೆಲಸ ಮಾಡಿದ್ದೇನೆ. ಮನೆಯಲ್ಲಿ ಹೇಳಿದರೆ ನಗುತ್ತಾರೆ, ಆದ್ದರಿಂದ ಬರೆದಿಡುತ್ತಿದ್ದೇನೆ.

ಮೂಡುಬಿದಿರೆಯ ಒಂದು ಸಣ್ಣ ಕಾಲೇಜಿನಲ್ಲಿ ನಾನು ಕಂಪ್ಯೂಟರ್ ಲ್ಯಾಬಿನ ಇನ್‌ಸ್ಟ್ರಕ್ಟರ್. ದಿನಾ ವೇಣೂರಿನಿಂದ ಬಸ್ಸಿನಲ್ಲಿ ಬರುತ್ತೇನೆ. ಪಾಠ ಮಾಡುವುದು ಉಪನ್ಯಾಸಕರು. ಕೀಬೋರ್ಡಿನ ಧೂಳು ಹೊಡೆಯುವುದು, ಹಾಜರಿ ತೆಗೆಯುವುದು, ಯಾರ ಮೌಸ್ ಯಾರು ಕಿತ್ತುಕೊಂಡರು ಎಂಬ ನ್ಯಾಯ ತೀರ್ಮಾನಿಸುವುದು ನಾನು. ಈ ಕೆಲಸದಲ್ಲಿ ಒಂಬತ್ತು ವರ್ಷ ಕಳೆದರೂ ಒಬ್ಬರೂ ನನ್ನನ್ನು ಹೊಗಳಿರಲಿಲ್ಲ. ನಾನು ಯಂತ್ರವಾದ ಮೇಲೆ ಹೊಗಳಿಕೆ ಶುರುವಾಯಿತು.

ನಮ್ಮ ಪಠ್ಯಕ್ರಮದಲ್ಲಿ ಒಂದು ಹಳೆಯ ವಿಷಯ ಉಳಿದುಕೊಂಡಿತ್ತು. ಸಿ ಭಾಷೆಯಲ್ಲಿ ಬರೆದ ಪ್ರೋಗ್ರಾಮಿನ ನಡುನಡುವೆ ಡೇಟಾಬೇಸಿಗೆ ಕೇಳುವ ಪ್ರಶ್ನೆಗಳನ್ನು ಅದರದೇ ಭಾಷೆಯಲ್ಲಿ ಬರೆಯುವುದು. ಆದರೆ ಪ್ರೋಗ್ರಾಮನ್ನು ಯಂತ್ರಭಾಷೆಗೆ ತಿರುಗಿಸುವ ಕಂಪೈಲರಿಗೆ ಸಿ ಮಾತ್ರ ಬರುತ್ತದೆ, ಆ ಪ್ರಶ್ನೆಗಳು ಅರ್ಥವಾಗುವುದಿಲ್ಲ. ಹಾಗಾಗಿ ಅದಕ್ಕಿಂತ ಮೊದಲು ಪ್ರೀಪ್ರೊಸೆಸರ್ ಎಂಬ ಇನ್ನೊಂದು ಸಾಫ್ಟ್‌ವೇರ್ ಇಡೀ ಕಡತವನ್ನು ಓದಿ, ಪ್ರಶ್ನೆಯ ಸಾಲುಗಳನ್ನು ಕಿತ್ತು, ಅದೇ ಅರ್ಥದ ಸಿ ಸಾಲುಗಳನ್ನು ಅಲ್ಲಿ ಕೂರಿಸುತ್ತದೆ. ಬಂಟ್ವಾಳದ ತಾಲೂಕು ಕಚೇರಿಯ ಹೊರಗೆ ಅರ್ಜಿ ಬರೆಯುವವರು ಕೂತಿರುತ್ತಾರಲ್ಲ, ನಾವು ತುಳುವಿನಲ್ಲಿ ಹೇಳಿದ್ದನ್ನು ಕಚೇರಿಯ ಕನ್ನಡಕ್ಕೆ ಇಳಿಸಿ ಕೊಡುವವರು, ಅದೇ ಕೆಲಸ.

ನಮ್ಮ ಪ್ರೀಪ್ರೊಸೆಸರ್ ಇದ್ದದ್ದು ಒಂದೇ ಒಂದು ಹಳೆಯ ಸರ್ವರಿನಲ್ಲಿ. ಏಪ್ರಿಲ್ ತಿಂಗಳ ಒಂದು ಸಂಜೆ ಸಿಡಿಲು ಬಡಿದು ಆ ಸರ್ವರ್ ಕರಿಬೇವಿನ ಒಗ್ಗರಣೆಯ ಹಾಗೆ ಚಟಚಟ ಎಂದು ಸುಟ್ಟುಹೋಯಿತು. ಅದರ ಸಿಡಿ ಎಲ್ಲಿದೆ ಎಂದು ಯಾರಿಗೂ ಗೊತ್ತಿರಲಿಲ್ಲ. ಕಪಾಟಿನಲ್ಲಿ ಸಿಕ್ಕಿದ ಸಿಡಿಯನ್ನು ಹಾಕಿ ನೋಡಿದರೆ ಯಾರದೋ ಮದುವೆಯ ವಿಡಿಯೋ.

ವಿಭಾಗದ ಮುಖ್ಯಸ್ಥರು ಸುಟ್ಟ ಪೆಟ್ಟಿಗೆಯ ಎದುರು ಸ್ವಲ್ಪ ಹೊತ್ತು ನಿಂತು ನನ್ನ ಕಡೆ ತಿರುಗಿದರು.

"ಪ್ರಾಕ್ಟಿಕಲ್ ಪರೀಕ್ಷೆಗೆ ಇನ್ನು ಹನ್ನೆರಡು ದಿನ ಉಂಟು. ಇದು ಒಳಗೆ ಎಂತ ಮಾಡ್ತದೆ ಅಂತ ನಿಮಗೆ ಗೊತ್ತುಂಟಲ್ಲ ಮೇಡಂ?"

"ಗೊತ್ತುಂಟು ಸರ್."

"ಹಾಗಾದ್ರೆ ನೀವೇ ಮಾಡಿ. ಮುಗೀತಲ್ಲ!"

ತಮಾಷೆ ಎಂದುಕೊಂಡೆ. ಮರುದಿನ ಅವರು ಬ್ಯಾಟರಿಗಳನ್ನು ಇಡುವ ಯುಪಿಎಸ್ ಕೋಣೆಗೆ ಒಂದು ಮೇಜು ಹಾಕಿಸಿದ್ದರು. ಲ್ಯಾಬಿಗೂ ಆ ಕೋಣೆಗೂ ನಡುವೆ ಬರೀ ಪ್ಲೈವುಡ್ಡಿನ ಗೋಡೆ. ವಿದ್ಯಾರ್ಥಿ ಎಂದಿನ ಆಜ್ಞೆಯನ್ನು ಟೈಪ್ ಮಾಡಿದರೆ ಅವನ ಕಡತ ನೆಟ್‌ವರ್ಕಿನ ಮೂಲಕ ನನ್ನ ಫೋಲ್ಡರಿಗೆ ಬಂದು ಬೀಳುತ್ತಿತ್ತು, ಅವನ ಪರದೆಯ ಮೇಲೆ "ಕೆಲಸ ನಡೆಯುತ್ತಿದೆ" ಎಂದು ಒಂದೊಂದೇ ಚುಕ್ಕಿ ಮೂಡುತ್ತಿತ್ತು. ಗೋಡೆಯ ಈಚೆ ಕೂತು ನಾನು ಪ್ರಶ್ನೆಯ ಸಾಲುಗಳನ್ನು ತೆಗೆದು, ಮೊದಲೇ ಬರೆದಿಟ್ಟ ಸಿ ತುಣುಕುಗಳನ್ನು ಅಂಟಿಸಿ, ಕಾಲೇಜಿನಲ್ಲಿದ್ದ ಬೇರೊಂದು ಡೇಟಾಬೇಸಿಗೆ ಹೊಂದಿಸಿ ವಾಪಸು ಕಳುಹಿಸಬೇಕು. ಒಂದು ಕಡತಕ್ಕೆ ಏಳೆಂಟು ನಿಮಿಷ ಹಿಡಿಯುತ್ತಿತ್ತು. ಇದೇ ಕೆಲಸ ಮಾಡುವ ಉಚಿತ ಪ್ರೀಪ್ರೊಸೆಸರ್ ಇಂಟರ್‌ನೆಟ್ಟಿನಲ್ಲಿ ಸಿಗುತ್ತದೆ ಎಂದು ನಮಗೆ ತಿಳಿದದ್ದು ಮೂರು ವರ್ಷ ಕಳೆದ ಮೇಲೆ. ಅದನ್ನು ನೆನೆದರೆ ಈಗಲೂ ಮೈಯೆಲ್ಲ ಉರಿಯುತ್ತದೆ.

ಪರೀಕ್ಷೆ ನಡೆಸಲು ಹೊರಗಿನಿಂದ ಬರುವವರನ್ನು ನಾವು ಎಕ್ಸ್‌ಟರ್ನಲ್ ಎನ್ನುತ್ತೇವೆ. ನಮಗೆ ಬಂದವರು ಬಂಟ್ವಾಳ ಕಡೆಯ ಹಿರಿಯ ಉಪನ್ಯಾಸಕರು. ಅವರು ಬರುತ್ತಾರೆ ಎಂದರೆ ಮಕ್ಕಳು ಹರಕೆ ಹೇಳಿಕೊಳ್ಳುತ್ತಿದ್ದರು. ಹೀಗೆ ಯಂತ್ರವಾದ ಮೊದಲ ವರ್ಷ, ಪರೀಕ್ಷೆಯ ದಿನ ನಾನು ಉಸಿರು ಬಿಗಿಹಿಡಿದು ಟೈಪ್ ಮಾಡಿದೆ. ಬ್ಯಾಟರಿಗಳಿಗೆ ಬಿಸಿಯಾಗಬಾರದೆಂದು ಕೋಣೆಯಲ್ಲಿ ಒಂದು ಫ್ಯಾನ್ ಇತ್ತು. ಅದು ಬ್ಯಾಟರಿಗಳ ಕಡೆಗೇ ತಿರುಗಿತ್ತು, ತಿರುಗಿಸಬಾರದೆಂದು ಮುಖ್ಯಸ್ಥರ ಕಟ್ಟಪ್ಪಣೆ. ಹನ್ನೊಂದು ಗಂಟೆಗೆ ತಡೆಯಲಾಗದೆ ಸೀನಿದೆ.

"ಅದೆಂತ ಶಬ್ದ?" ಎಕ್ಸ್‌ಟರ್ನಲ್ ಕೇಳಿದ್ದು ಗೋಡೆಯಾಚೆ ಸ್ಪಷ್ಟವಾಗಿ ಕೇಳಿಸಿತು.

"ಸರ್ವರ್ ಸರ್. ಅದಕ್ಕೆ ಧೂಳು ಆಗುವುದಿಲ್ಲ," ಎಂದರು ಮುಖ್ಯಸ್ಥರು.

ತಪ್ಪಿದ್ದ ಕಡತಗಳಿಗೆ ಹಳೆಯ ಯಂತ್ರ ಒಂದು ನಂಬರ್ ಮತ್ತು ನಾಲ್ಕು ಒರಟು ಶಬ್ದ ಕೊಡುತ್ತಿತ್ತು. ಆ ನಂಬರುಗಳು ನನಗೆ ನೆನಪಿರಲಿಲ್ಲ. ಹಾಗಾಗಿ ನೇರವಾದ ಇಂಗ್ಲಿಷಿನಲ್ಲಿ ನಾನೇ ಬರೆದು ಕಳುಹಿಸಿದೆ: ಹದಿನೆಂಟನೇ ಸಾಲಿನಲ್ಲಿ ಡೇಟಾಬೇಸಿನ ಉತ್ತರ ಓದುವ ಕರ್ಸರ್ ತೆರೆದಿದ್ದೀರಿ, ಎಲ್ಲಿಯೂ ಮುಚ್ಚಿಲ್ಲ. ಮಧ್ಯಾಹ್ನ ಬೊಂಡದ ಎಳನೀರು ಕುಡಿಯುತ್ತಾ ಎಕ್ಸ್‌ಟರ್ನಲ್ ಹೇಳಿದರು, "ನಮ್ಮಲ್ಲಿಯದ್ದು ನಂಬರ್ ಮಾತ್ರ ಕೊಡ್ತದೆ ಮಾರಾಯ್ರೆ. ನಿಮ್ಮದು ಬಿಡಿಸಿ ಹೇಳ್ತದಲ್ಲ! ಹೊಸ ವರ್ಶನ್ನಾ?"

"ಹಳೆಯದೇ ಸರ್. ಒಂಬತ್ತು ವರ್ಷ ಆಯ್ತು," ಎಂದರು ಮುಖ್ಯಸ್ಥರು.

ಅವರು ವರದಿಯಲ್ಲಿ ನಮ್ಮ ಪ್ರೀಪ್ರೊಸೆಸರನ್ನು ಮೆಚ್ಚಿ ಎರಡು ಸಾಲು ಬರೆದರು. ಆ ವರದಿಯನ್ನು ನಾನು ನಾಲ್ಕು ಸಲ ಓದಿದೆ, ಸುಳ್ಳು ಹೇಳುವುದಿಲ್ಲ. ಮಡಂತ್ಯಾರು ಕಡೆಯ ಒಂದು ಕಾಲೇಜಿನವರು ಫೋನ್ ಮಾಡಿ ಒಂದು ಕಾಪಿ ಕೊಡಿ ಎಂದರು. ಕಾಪಿ ಮಾಡಲು ಬರುವುದಿಲ್ಲ, ಒಂದೇ ಇರುವುದು ಎಂದು ಮುಖ್ಯಸ್ಥರು ಪ್ರಾಮಾಣಿಕವಾಗಿಯೇ ಉತ್ತರಿಸಿದರು.

ವರ್ಷದ ಕೊನೆಯಲ್ಲಿ ದಾಸ್ತಾನು ತಪಾಸಣೆ ಬಂತು. ಪುಸ್ತಕದಲ್ಲಿ "ಪ್ರೀಪ್ರೊಸೆಸರ್ - ಒಂದು" ಎಂದು ಇತ್ತು, ಸುಟ್ಟದ್ದನ್ನು ಯಾರೂ ಬರೆದಿರಲಿಲ್ಲ. ತಪಾಸಣೆಗೆ ಬಂದ ವಾಣಿಜ್ಯ ವಿಭಾಗದವರು ವಸ್ತುವನ್ನು ಕಣ್ಣಾರೆ ನೋಡದೆ ಸಹಿ ಹಾಕುವುದಿಲ್ಲ ಎಂದು ಪಟ್ಟು ಹಿಡಿದರು. ಮುಖ್ಯಸ್ಥರು ಅವರನ್ನು ಯುಪಿಎಸ್ ಕೋಣೆಗೆ ಕರೆತಂದು ನನ್ನನ್ನು ತೋರಿಸಿದರು. ಅವರು ನನ್ನನ್ನು ಮೇಲಿನಿಂದ ಕೆಳಗೆ ಒಮ್ಮೆ ನೋಡಿ, "ಇದು ನಡೀತದಾ?" ಎಂದರು. ನಡೀತದೆ ಎಂದೆ. ಟಿಕ್ ಹಾಕಿದರು. ಸ್ಥಿತಿ ಎಂಬ ಕಾಲಮಿನಲ್ಲಿ "ಉತ್ತಮ, ಆದರೆ ನಿಧಾನ" ಎಂದು ಬರೆದುಹೋದರು. ಆ "ನಿಧಾನ"ಕ್ಕೆ ಬಂದ ಸಿಟ್ಟು ವಾರವಾದರೂ ಇಳಿಯಲಿಲ್ಲ.

ಎರಡನೇ ವರ್ಷ ನನಗೆ ಧೈರ್ಯ ಜಾಸ್ತಿಯಾಯಿತು. ಒಬ್ಬ ವಿದ್ಯಾರ್ಥಿ ಏನೂ ತಿದ್ದದೆ ಅದೇ ಕಡತವನ್ನು ಐದು ಸಲ ಕಳುಹಿಸಿದ. ಐದನೇ ಸಲ ನಾನು ಉತ್ತರ ಬರೆದೆ: ಹೀಗೆಯೇ ಸಂಜೆಯವರೆಗೆ ಕಳುಹಿಸಿದರೂ ನನ್ನ ಉತ್ತರ ಇದೇ. ಅವನು ಪರದೆಗೆ ಕೈಮುಗಿದನಂತೆ. ಕುರ್ಚಿಯ ಪಕ್ಕ ನಿಂತು ನಾನು ಇದನ್ನೇ ಹೇಳುತ್ತಿದ್ದ ಕಾಲದಲ್ಲಿ ಯಾರೂ ಕಿವಿಗೆ ಹಾಕಿಕೊಳ್ಳುತ್ತಿರಲಿಲ್ಲ.

ಮೂರನೇ ವರ್ಷ ಪರೀಕ್ಷೆಗೆ ನಾರಾವಿಯ ಒಬ್ಬಳು ಬಂದಳು. ನಮ್ಮ ಹಳೆಯ ವಿದ್ಯಾರ್ಥಿನಿ, ಆಗ ಮೂವತ್ತರ ಹತ್ತಿರ. ಎಲ್ಲ ವಿಷಯ ಪಾಸಾಗಿ ಈ ಒಂದು ಪ್ರಾಕ್ಟಿಕಲ್ ಮಾತ್ರ ಬಾಕಿ. ಸಿಡಿಲಿಗೆ ಮೊದಲು, ನಿಜವಾದ ಯಂತ್ರ ಇದ್ದಾಗ, ಎರಡು ಸಲ ಇದರಲ್ಲೇ ಫೇಲಾಗಿದ್ದಳು. ಆಮೇಲೆ ಮದುವೆ, ಮಗು. ಈಗ ಬೆಳ್ತಂಗಡಿ ಹತ್ತಿರದ ಒಂದು ಶಾಲೆಯಲ್ಲಿ ತಾತ್ಕಾಲಿಕವಾಗಿ ಕಂಪ್ಯೂಟರ್ ಕಲಿಸುತ್ತಿದ್ದಳು. ಡಿಗ್ರಿಯ ಸರ್ಟಿಫಿಕೇಟ್ ತಂದರೆ ಮಾತ್ರ ಮುಂದಿನ ಜೂನಿನಿಂದ ಕೆಲಸ ಎಂದಿದ್ದರು. ಹಳೆಯ ಪಠ್ಯಕ್ರಮದವರಿಗೆ ಅದೇ ಕೊನೆಯ ಪರೀಕ್ಷೆ. ಇದು ತಪ್ಪಿದರೆ ಮೂರು ವರ್ಷದ ಓದು ನೀರಿನಲ್ಲಿ ಹೋಮ.

ಅವಳ ಕಡತ ನನ್ನ ಫೋಲ್ಡರಿಗೆ ಬಂತು. ತೆರೆದ ಕೂಡಲೇ ತಪ್ಪು ಕಣ್ಣಿಗೆ ಬಿತ್ತು.

ಡೇಟಾಬೇಸಿನಿಂದ ಬಂದ ಉತ್ತರವನ್ನು ತುಂಬಿಕೊಳ್ಳುವ ವೇರಿಯಬಲ್‌ಗಳನ್ನು ಡಿಕ್ಲೇರ್ ಸೆಕ್ಷನ್ ಎಂಬ ಬೇಲಿಯೊಳಗೆ ಬರೆಯಬೇಕು. ಅವಳು ಒಂದನ್ನು ಬೇಲಿಗಿಂತ ಮೂರು ಸಾಲು ಮೇಲೆ ಬರೆದಿದ್ದಳು. ನಿಜವಾದ ಯಂತ್ರವಾದರೆ ಅಂಥ ವೇರಿಯಬಲ್ಲೇ ಇಲ್ಲ ಎನ್ನುತ್ತದೆ. ನೀವು ಕೌಂಟರಿನ ಎದುರೇ ನಿಂತಿದ್ದರೂ ರೇಷನ್ ಕಾರ್ಡಿನಲ್ಲಿ ಹೆಸರಿಲ್ಲದಿದ್ದರೆ ನೀವು ಇಲ್ಲ, ಹಾಗೆ. ಆದರೆ ನಾನು ಬೇಲಿಯ ಸಾಲುಗಳನ್ನು ಹೇಗೂ ಕಿತ್ತೇ ಬಿಸಾಡುವವಳು. ನನ್ನ ಕೈಯಲ್ಲಿ ಅವಳ ಪ್ರೋಗ್ರಾಂ ಚೆನ್ನಾಗಿಯೇ ಓಡುತ್ತದೆ. ಕಣ್ಣೆದುರು ಇರುವುದನ್ನು ಇಲ್ಲ ಎಂದು ಯಾಕೆ ಹೇಳಲಿ? ಏನೂ ಹೇಳದೆ ಸಿ ಸಾಲುಗಳನ್ನು ಕೂರಿಸಿ ಕಳುಹಿಸಿಬಿಟ್ಟೆ. ಪುಣ್ಯದ ಕೆಲಸ ಮಾಡಿದೆನೆಂದು ಸಂತೋಷವೂ ಆಯಿತು.

ಐದು ನಿಮಿಷದಲ್ಲಿ ಅವಳ ಕಡತ ಮತ್ತೆ ಬಂತು. ಪ್ರೋಗ್ರಾಂ ಇದ್ದ ಹಾಗೇ ಇತ್ತು. ಮೇಲೆ ಮಾತ್ರ ಒಂದು ಟಿಪ್ಪಣಿ. ಪ್ರೋಗ್ರಾಮಿನಲ್ಲಿ ಟಿಪ್ಪಣಿ ಬರೆಯುವುದು ಮನುಷ್ಯರಿಗಾಗಿ, ಯಂತ್ರ ಅದನ್ನು ಓದದೆ ದಾಟುತ್ತದೆ. ಇಂಗ್ಲಿಷ್ ಅಕ್ಷರಗಳಲ್ಲಿ ಕನ್ನಡ ಬರೆದಿದ್ದಳು:

"ಇದೇ ಪ್ರೋಗ್ರಾಂ ಬಾಯಿಪಾಠ ಮಾಡಿ ಎರಡು ಸಲ ಬರೆದು ಎರಡು ಸಲವೂ ಫೇಲಾಗಿದ್ದೇನೆ. ಇವತ್ತು ಹೇಗೆ ಸರಿಯಾಯ್ತು? ಮೆಷಿನ್ ಹೀಗೆ ಬಿಡುವುದಿಲ್ಲ. ಒಳಗೆ ಯಾರಾದರೂ ಇದ್ದರೆ ತಪ್ಪು ಎಲ್ಲಿ ಉಂಟು ಹೇಳಿ. ವೈವಾದಲ್ಲಿ ಆ ಸರ್ ಕೇಳಿದರೆ ನಾನು ಎಂತ ಹೇಳುವುದು?"

ಮೂರು ವರ್ಷದಲ್ಲಿ ಎಷ್ಟು ಮಕ್ಕಳು, ಎಷ್ಟು ಕಡತ. ಒಳಗೆ ಯಾರೋ ಇದ್ದಾರೆಂದು ಊಹಿಸಿದವಳು ಇವಳೊಬ್ಬಳೇ. ಹೇಳಿದ್ದೂ ನಿಜವೇ. ಎಕ್ಸ್‌ಟರ್ನಲ್ ಪ್ರತಿಯೊಬ್ಬರ ಪ್ರೋಗ್ರಾಮನ್ನು ಸಾಲು ಸಾಲಾಗಿ ಓದಿ ಮೌಖಿಕ ಪರೀಕ್ಷೆಯಲ್ಲಿ ಪ್ರಶ್ನೆ ಹಾಕುತ್ತಾರೆ. ಬೇಲಿಯ ಹೊರಗಿರುವ ವೇರಿಯಬಲ್ ಅವರ ಕಣ್ಣಿಗೆ ಬೀಳದೆ ಇರುತ್ತದೆಯೇ? ನನ್ನ ಪುಣ್ಯದ ಕೆಲಸ ಅವಳನ್ನು ಮೂರನೇ ಸಲ ಮುಳುಗಿಸುವುದರಲ್ಲಿತ್ತು.

ಉತ್ತರ ಬರೆಯಲು ಕೂತೆ. ಬರೆದು ಅಳಿಸಿದೆ, ಬರೆದು ಅಳಿಸಿದೆ. ಆಚೆ ಅವಳ ಪರದೆಯ ಮೇಲೆ ಚುಕ್ಕಿಗಳು ಮೂರು ಸಾಲು ದಾಟಿದವಂತೆ. ಎಕ್ಸ್‌ಟರ್ನಲ್ ಎದ್ದು ಅವಳ ಕುರ್ಚಿಯ ಬಳಿ ಬರುವ ಚಪ್ಪಲಿಯ ಸದ್ದು ಕೇಳಿಸಿತು. ಅಷ್ಟರಲ್ಲಿ ನಾನು ಕಳುಹಿಸಿಯಾಗಿತ್ತು. ಅವರು ಅದನ್ನು ನಿಂತಲ್ಲಿಂದಲೇ ಗಟ್ಟಿಯಾಗಿ, ಇಂಗ್ಲಿಷನ್ನು ಕನ್ನಡ ಮಾಡಿಕೊಂಡು ಓದತೊಡಗಿದರು.

"ನಿಮ್ಮ ವೇರಿಯಬಲ್ ಏಳನೇ ಸಾಲಿನಲ್ಲಿ ಉಂಟು, ಅದು ಸುಳ್ಳಲ್ಲ. ಕಂಪೈಲರ್ ಅದನ್ನು ನೋಡ್ತದೆ. ಆದರೆ ಕಂಪೈಲರಿಗಿಂತ ಮೊದಲು ಓದುವ ಪ್ರೀಪ್ರೊಸೆಸರಿಗೆ ಸಿ ಪೂರ್ತಿ ಬರುವುದಿಲ್ಲ, ಅದು ಬೇಲಿಯೊಳಗೆ ಬರೆದ ಹೆಸರುಗಳನ್ನು ಮಾತ್ರ ಗುರುತಿಟ್ಟುಕೊಳ್ತದೆ. ಏಳನೇ ಸಾಲನ್ನು ಬೇಲಿಯ ಒಳಗೆ ತನ್ನಿ. ಮತ್ತೆಲ್ಲ ಸರಿ ಉಂಟು."

ನಮ್ಮ ಕಥೆ ಮುಗಿಯಿತು, ಮುಖ್ಯಸ್ಥರ ಮತ್ತು ನನ್ನ ಕೆಲಸ ಹೋಯಿತು ಎಂದೇ ಅಂದುಕೊಂಡೆ.

"ಎಷ್ಟು ಚಂದ ಹೇಳಿದೆ ನೋಡಿ ಮಾರಾಯ್ರೆ," ಎಂದರು ಎಕ್ಸ್‌ಟರ್ನಲ್. "ನಾನು ಇಷ್ಟು ವರ್ಷ ಪಾಠ ಮಾಡಿ ಹೀಗೆ ಹೇಳ್ಲಿಲ್ಲ. ಕಂಪ್ಯೂಟರ್ ಎಲ್ಲಿಂದ ಎಲ್ಲಿಗೆ ಹೋಯ್ತು!"

ಅವಳು ಸಾಲನ್ನು ಒಳಗೆ ತಂದಳು. ಟಿಪ್ಪಣಿ ಅಳಿಸಿದ ಕಡತ ನನ್ನಲ್ಲಿಗೆ ಬಂತು, ತಪ್ಪಿಲ್ಲದ್ದು. ವೈವಾದಲ್ಲಿ ಅವರು ಆ ಬೇಲಿಯನ್ನೇ ಹಿಡಿದು ಕೇಳಿದರು. ಅವಳು ಬಿಡಿಸಿ ಹೇಳಿದ್ದು ಗೋಡೆಯಾಚೆಯಿಂದ ನನಗೆ ಕೇಳಿಸಿತು, ನನ್ನ ಮಾತಿಗಿಂತ ಚೆನ್ನಾಗಿಯೇ ಇತ್ತು. ಬೊಂಡದ ನೀರು ತರಿಸಿದರೂ ಮುಟ್ಟದೆ ಅವರು ಅವಳ ಉತ್ತರವನ್ನು ಪೂರ್ತಿ ಕೇಳಿದರು.

ಎಲ್ಲ ಮುಗಿದು ನಾನು ತಣ್ಣಗಾದ ಬುತ್ತಿ ಬಿಚ್ಚುವಾಗ ಕೋಣೆಯ ಬಾಗಿಲು ತೆರೆಯಿತು. ಅವಳೇ. ನನ್ನನ್ನು, ಬ್ಯಾಟರಿಗಳನ್ನು, ಪರದೆಯನ್ನು ನೋಡಿದಳು. ನಗಲಿಲ್ಲ.

"ಇನ್ನು ಇಲ್ಲಿಗೆ ಬರುವ ಕೆಲಸ ಇಲ್ಲಮ್ಮ ಅಂದ್ರು ಆ ಸರ್. ಪಾಸು ಅಂತಲೇ ಅಲ್ವಾ ಮೇಡಂ?"

"ಪಾಸೇ."

"ಒಂದೇ ಸಾಲು ಇದ್ದದ್ದು."

"ಹೌದು, ಒಂದೇ ಸಾಲು."

ಅವಳು ಬ್ಯಾಗನ್ನು ಹೆಗಲಿಗೆ ಸರಿಯಾಗಿ ಹಾಕಿಕೊಂಡಳು. ಮಾತಿನಲ್ಲಿ ಸಿಟ್ಟಿರಲಿಲ್ಲ. "ಫೇಲಾದ ಆ ಎರಡು ಸಲವೂ ನೀವು ನನ್ನ ಕುರ್ಚಿಯ ಹಿಂದೆ ನಿಂತಿದ್ರಿ ಮೇಡಂ. ಎರಡನೇ ಸಲ ನಾನು ತಿರುಗಿ ನಿಮ್ಮ ಮುಖ ನೋಡಿದೆ. ನೀವು ಕಿಟಕಿ ಕಡೆ ನೋಡಿದ್ರಿ."

"ಪರೀಕ್ಷೆಯಲ್ಲಿ ಇನ್‌ಸ್ಟ್ರಕ್ಟರ್ ಮಾತಾಡುವ ಹಾಗಿಲ್ಲ," ಎಂದೆ.

"ಗೊತ್ತುಂಟು ಮೇಡಂ," ಎಂದಳು. ಬೆಳ್ತಂಗಡಿಯ ಬಸ್ಸಿಗೆ ಹೊತ್ತಾಯಿತು, ಬರ್ತೇನೆ ಎಂದಳು. ನಾಚಿಕೆಯಾಗಿ ನಾನು ಪರದೆಯ ಕಡೆ ತಿರುಗಿ ಕೂತೆ.